ಕರ್ತನ ಮೇಜಿಗೆ ವೈನೋ ದ್ರಾಕ್ಷಿ ರಸವೋ: ನಿಯಮ ಏನು, ಮಾಡುವುದು ಹೇಗೆ?

ಪ್ರಶ್ನೆ: ಸಭಾಕಾರ್ಯದರ್ಶಿ

ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ತಿಂಗಳಿಗೊಮ್ಮೆ ಕರ್ತನ ರಾತ್ರಿ ಭೋಜನ (ಯೇಸುವಿನ ಕೊನೆಯ ಭೋಜನದ ನೆನಪಿಗೆ ರೊಟ್ಟಿ, ಪಾತ್ರೆ ಹಂಚಿಕೊಳ್ಳುವ ಸಂಸ್ಕಾರ), ಮೇಜಿಗೆ ಬರುವವರು ಹೆಚ್ಚುಕಡಿಮೆ 200 ಜನ. ಇಲ್ಲಿಯವರೆಗೆ ಅಂಗಡಿಯ ಕೆಂಪು ವೈನ್ ನಡೆದುಬಂದಿದೆ. ಕುಡಿತ ಬಿಡಿಸುವ ಮಾತ್ರೆ ತೆಗೆದುಕೊಳ್ಳುವವರೂ ಸಭೆಯಲ್ಲಿದ್ದಾರೆ. ಅವರು ರೊಟ್ಟಿ ಸ್ವೀಕರಿಸಿ, ಪಾತ್ರೆ ಬರುವ ಮೊದಲೇ ಎದ್ದುಬಿಡುತ್ತಾರೆ. ಇದಕ್ಕಾಗಿ ದ್ರಾಕ್ಷಿ ರಸಕ್ಕೆ ಬದಲಾಯಿಸೋಣ ಎಂಬ ಮಾತು ಕಮಿಟಿಯಲ್ಲಿ ಬಂದದ್ದೇ ತಡ, ಎರಡು ಬಣ ಆಯಿತು. "ಕಾನಾ ಊರಿನ ಮದುವೆಯಲ್ಲಿ ಯೇಸು ನೀರಿನಿಂದ ಮಾಡಿದ್ದೂ ಅಮಲಿಲ್ಲದ ರಸವೇ" ಅನ್ನುವುದು ಒಂದು ಕಡೆಯ ವಾದ. "ರಸ ಇಟ್ಟರೆ ಅದು ಸಂಸ್ಕಾರವೇ ಅಲ್ಲ" ಅನ್ನುವುದು ಇನ್ನೊಂದು ಕಡೆಯದು.

ತಿಳಿಯಬೇಕಾದ್ದು ಇಷ್ಟು. ಬೈಬಲ್ ಮತ್ತು ಸಭಾ ಇತಿಹಾಸದ ಪ್ರಕಾರ ಯಾವುದಕ್ಕೆ ಆಧಾರವಿದೆ? ಕಥೋಲಿಕರು ರಸ ಒಪ್ಪುವುದಿಲ್ಲ ಅನ್ನುತ್ತಾರಲ್ಲ, ನಿಖರವಾಗಿ ಅವರ ನಿಯಮ ಏನು? ರಸವೇ ಆದರೆ ಮನೆಯಲ್ಲಿ ಮಾಡಿ ಹುಳಿಯದಂತೆ ಇಡುವುದು ಹೇಗೆ, 200 ಜನಕ್ಕೆ ಎಷ್ಟು ಬೇಕು? ಹೋದ ಸಲ ಬೇರೊಂದು ಸಭೆಯವರು ಕೊಟ್ಟ ಬಾಟಲಿ ಮುಚ್ಚಳ ತೆಗೆದ ಕೂಡಲೇ ಸೋಡಾ ಥರ ಉಕ್ಕಿತು, ಅದಕ್ಕೆ ಕೇಳುತ್ತಿದ್ದೇನೆ.

ಉತ್ತರ: ಹಳೇಚರ್ಮಪತ್ರ

ಮೊದಲು ಎರಡು ಪ್ರಶ್ನೆಗಳನ್ನು ಬಿಡಿಸಿಕೊಳ್ಳಿ. ಕ್ರೈಸ್ತನು ಕುಡಿಯಬಹುದೇ ಅನ್ನುವುದು ಒಂದು, ಕರ್ತನ ಮೇಜಿನ ಪಾತ್ರೆಯಲ್ಲಿ ಏನಿರಬೇಕು ಅನ್ನುವುದು ಇನ್ನೊಂದು. ಕಮಿಟಿಗಳಲ್ಲಿ ಜಗಳ ಹತ್ತುವುದೇ ಇವೆರಡನ್ನು ಕಲಸಿದಾಗ.

ಕಾನಾ ವಾದ ನಿಲ್ಲುವುದಿಲ್ಲ. ಯೋಹಾನ 2ರಲ್ಲಿ ಆರು ಕಲ್ಲಿನ ಬಾನಿಗಳು, ಒಂದೊಂದಕ್ಕೆ ಎರಡು ಮೂರು ಅಳತೆ ನೀರು. ಆ ಅಳತೆ ಸುಮಾರು 39 ಲೀಟರ್ ಅಂದರೆ ಒಟ್ಟು 470ರಿಂದ 700 ಲೀಟರ್. ಔತಣದ ಮೇಲ್ವಿಚಾರಕ 10ನೇ ವಚನದಲ್ಲಿ ಹೇಳುವುದು, ಜನ ಚೆನ್ನಾಗಿ ಕುಡಿದ ಮೇಲೆ ಕಳಪೆಯದನ್ನು ಕೊಡುವುದು ವಾಡಿಕೆ ಎಂದು. ಬರೀ ಹಣ್ಣಿನ ರಸಕ್ಕೆ ಆ ಮಾತು ಹೊಂದುವುದಿಲ್ಲ. ಯೇಸು ಕೊನೆಯ ಭೋಜನ ಮಾಡಿದ ಯೆಹೂದ್ಯರ ಪಸ್ಕ ಹಬ್ಬದ ಮೇಜಿನದ್ದೂ ಹಾಗೇ. ಪಲೆಸ್ತೀನಿನಲ್ಲಿ ದ್ರಾಕ್ಷಿ ಕೊಯ್ಲು ಶುರುವಾಗುವುದು ಅಲ್ಲಿನ ಬೇಸಿಗೆಯ ಕೊನೆಗೆ (ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ), ಪಸ್ಕ ಬರುವುದು ಮಾರ್ಚ್–ಏಪ್ರಿಲ್‌ನಲ್ಲಿ. ತುಳಿದ ದ್ರಾಕ್ಷಿಯ ರಸ ಮಣ್ಣಿನ ಬಾನಿಯಲ್ಲಿ ಆರು ತಿಂಗಳು ಹುಳಿಯದೆ ಕೂತಿರುವುದು ಆಗದ ಮಾತು. ನೀರು ಬೆರೆಸಿ ಕುಡಿಯುತ್ತಿದ್ದರು, ಅದು ನಿಜ. ಆದರೂ ಅದು ವೈನೇ. ಕೊರಿಂಥದ ಸಭೆಯಲ್ಲಿ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಅಮಲೇರಿರುತ್ತಾನೆ ಎಂದು ಪೌಲ ಬೈಯುವುದು (1 ಕೊರಿಂಥ 11:21) ಕರ್ತನ ಭೋಜನದ ಸಂದರ್ಭದಲ್ಲೇ. ಗಮನಿಸಿ, ಅವನು ಅಲ್ಲಿ ಪಾತ್ರೆಯಲ್ಲಿರುವುದನ್ನು ಬದಲಾಯಿಸಿ ಅನ್ನಲಿಲ್ಲ, ನಡತೆ ಬದಲಾಯಿಸಿ ಅಂದ.

ಹಾಗೆಂದು ಇನ್ನೊಂದು ಬಣ ಗೆದ್ದಿತು ಅಂದುಕೊಳ್ಳಬೇಡಿ. ದ್ರಾಕ್ಷಾರಸ ಮನುಷ್ಯನ ಹೃದಯವನ್ನು ಹರ್ಷಗೊಳಿಸುತ್ತದೆ ಅನ್ನುವ ಕೀರ್ತನೆ 104:15 ಇದ್ದ ಪುಸ್ತಕದಲ್ಲೇ ಜ್ಞಾನೋಕ್ತಿ 23ರ ಕೊನೆಯ ಭಾಗವೂ ಇದೆ. ಕೆಂಪಾದ ಕಣ್ಣು, ಕಾರಣವಿಲ್ಲದ ಗಾಯ, ಹಡಗಿನ ಕಂಬದ ತುದಿಯಲ್ಲಿ ಮಲಗಿದವನ ಓಲಾಟ, ಎದ್ದ ಕೂಡಲೇ ಮತ್ತೆ ಬೇಕು ಅನ್ನುವ ಹಂಬಲ. ಚಟದ ವರ್ಣನೆ ಇದಕ್ಕಿಂತ ಕರಾರುವಾಕ್ಕಾಗಿ ಆ ಕಾಲದಲ್ಲಿ ಯಾರೂ ಬರೆದಂತಿಲ್ಲ. ನಾಜೀರರು ಹರಕೆಯ ಅವಧಿಯಲ್ಲಿ ಬಿಡುತ್ತಿದ್ದರು (ಅರಣ್ಯಕಾಂಡ 6), ರೇಕಾಬ್ಯರು ಮನೆತನವಾಗಿಯೇ ಬಿಟ್ಟಿದ್ದರು (ಯೆರೆಮೀಯ 35). ತಿಮೊಥೆಗೆ ಹೊಟ್ಟೆಯ ತೊಂದರೆಗೆ "ಸ್ವಲ್ಪ" ತೆಗೆದುಕೋ ಅಂದ ಪೌಲನೇ (1 ತಿಮೊಥೆ 5:23) ಎಫೆಸ 5:18ರಲ್ಲಿ ಅಮಲೇರಬೇಡಿ ಅನ್ನುತ್ತಾನೆ, ರೋಮಾಪುರ 14:21ರಲ್ಲಿ ಸಹೋದರನಿಗೆ ಎಡವುಗಲ್ಲಾಗುವುದಾದರೆ ಕುಡಿಯದಿರುವುದೇ ಒಳ್ಳೇದು ಅನ್ನುತ್ತಾನೆ.

ಈ ಕೊನೆಯ ವಚನವೇ ನಿಮಗೆ ಬೇಕಾದ್ದು. ರಸಕ್ಕೆ ಬದಲಾಯಿಸುವುದಾದರೆ ಕಾನಾವನ್ನು ತಿರುಚಬೇಡಿ, ರೋಮಾಪುರ 14ನ್ನು ಮುಂದಿಟ್ಟು ಬದಲಾಯಿಸಿ. ಇತಿಹಾಸ ತಪ್ಪು ಹೇಳಿ ಸರಿಯಾದ ನಿರ್ಧಾರಕ್ಕೆ ಬಂದರೆ, ನಾಳೆ ಯಾರೋ ಆ ತಪ್ಪು ತೋರಿಸಿದ ದಿನ ನಿರ್ಧಾರವೂ ಬೀಳುತ್ತದೆ.

ಉತ್ತರ: ಕಡಲತಡಿ

ಮೇಲಿನವರು ಬೈಬಲ್ ಹೇಳಿದರು. ರಸ ಪಾತ್ರೆಗೆ ಬಂದದ್ದು ಯಾವಾಗ ಅನ್ನುವುದು ಇನ್ನೂ ಸ್ವಾರಸ್ಯ ಮಾರಾಯ್ರೇ. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನಲ್ಲಿ ಥಾಮಸ್ ಬ್ರಾಮ್‌ವೆಲ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯ, ಬಿಸಿ ಮಾಡಿ ಕೆಡದಂತೆ ಇಡುವ ವಿಜ್ಞಾನಿ ಪಾಶ್ಚರನ ಕ್ರಮವನ್ನು ಕಾನ್‌ಕಾರ್ಡ್ ದ್ರಾಕ್ಷಿಯ ರಸಕ್ಕೆ ಅನ್ವಯಿಸಿದ. ಬಾಟಲಿಗೆ ತುಂಬಿ, ಬಿರಡೆ ಹಾಕಿ, ಬಿಸಿ ನೀರಿನಲ್ಲಿಟ್ಟು ಈಸ್ಟ್ (ರಸವನ್ನು ಹುಳಿಸುವ ಸೂಕ್ಷ್ಮಜೀವಿ) ಕೊಂದ. ಉದ್ದೇಶ ಸಂಸ್ಕಾರದ ಪಾತ್ರೆಯೇ. ಮೊದಲಿಗೆ ಯಾರೂ ಕೊಳ್ಳಲಿಲ್ಲ, ಮಗ ಚಾರ್ಲ್ಸ್ ಕೈಗೆ ಬಂದ ಮೇಲೆ ವ್ಯಾಪಾರ ಕುದುರಿತು. ಅಂದರೆ ವರ್ಷವಿಡೀ ಕೆಡದ ದ್ರಾಕ್ಷಿ ರಸ ಪಾತ್ರೆಗೆ ಸಿಗತೊಡಗಿ ಇನ್ನೂ 160 ವರ್ಷವಾಗಿಲ್ಲ.

ಆಂಗ್ಲಿಕನ್ನರು (ಇಂಗ್ಲೆಂಡಿನ ಸಭೆಯ ಪರಂಪರೆಯವರು) ಸುಮ್ಮನೆ ಕೂರಲಿಲ್ಲ. 1888ರ ಲ್ಯಾಂಬೆತ್ ಸಮ್ಮೇಳನದಲ್ಲಿ ಸೇರಿದ ಅವರ ಬಿಷಪ್ಪರು, ಹುಳಿಯದ ರಸ ಬಳಸುವುದು ಕರ್ತನ ಮಾದರಿಯಲ್ಲಿ ಆಧಾರವಿಲ್ಲದ್ದು, ಸಭೆಯ ರೂಢಿಯಿಂದ ಅನಧಿಕೃತವಾಗಿ ದೂರ ಸರಿದದ್ದು ಎಂದು ನಿರ್ಣಯ ಮಾಡಿದರು. ನಿಮ್ಮ ಎರಡನೇ ಬಣ ಅರಿತೋ ಅರಿಯದೆಯೋ ಆ ನಿರ್ಣಯವನ್ನೇ ಹೇಳುತ್ತಿದೆ. ಆದರೆ ಸಿಎಸ್‌ಐ 1947ರ ಸೆಪ್ಟೆಂಬರ್ 27ರಂದು ಹುಟ್ಟಿದಾಗ ಅದರೊಳಗೆ ಆಂಗ್ಲಿಕನ್ನರ ಜೊತೆ ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಶನಲಿಸ್ಟರೂ ಬಂದರು. ಹಾಗಾಗಿ ಒಂದೇ ಒಕ್ಕೂಟದೊಳಗೆ ಒಂದು ಸಭೆಯಲ್ಲಿ ಬೆಳ್ಳಿ ಪಾತ್ರೆಯ ವೈನ್, ಪಕ್ಕದ ಊರಲ್ಲಿ ಪುಟ್ಟ ಗಾಜಿನ ಲೋಟಗಳ ರಸ. ಎರಡೂ ಸಿಎಸ್‌ಐಯೇ. ಕಮಿಟಿ ತಾನಾಗಿ ಬದಲಾಯಿಸುವ ಬದಲು ಸಭಾಪಾಲಕರ ಮೂಲಕ ಬಿಷಪ್ಪರಿಗೆ ಪತ್ರ ಬರೆದು ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ.

ಕುಡಿತದ ವಿಷಯದಲ್ಲಿ ಕರಾವಳಿಯ ಚರಿತ್ರೆ ಬೇರೆಯೇ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಶನ್‌ಗೆ ಸೇರಿದವರಲ್ಲಿ ಬಿಲ್ಲವರು ಬಹಳ, ಅವರಲ್ಲಿ ಅನೇಕರ ಕುಲಕಸುಬು ಮೂರ್ತೆ. ಕಳ್ಳು ಇಳಿಸುವ ಕೆಲಸ ಕ್ರೈಸ್ತನಿಗೆ ತಕ್ಕದ್ದಲ್ಲ ಎಂದು ಮಿಶನ್ ನಿಲುವು ತಳೆಯಿತು. ಕಸುಬು ಬಿಡಿಸಿದ ಮೇಲೆ ಹೊಟ್ಟೆಪಾಡಿಗೆ ದಾರಿ ತೋರಿಸಬೇಕಲ್ಲ, ನೇಯ್ಗೆ ಕಾರ್ಖಾನೆಗಳು ಮತ್ತು 1865ರ ಹೊತ್ತಿಗೆ ಜೆಪ್ಪುವಿನ ಹೆಂಚಿನ ಕಾರ್ಖಾನೆ ಬರುವುದಕ್ಕೆ ಇದೂ ಒಂದು ಕಾರಣ. ಅದೇ ಊರಿನ ಕಥೋಲಿಕರ ಮನೆಯಲ್ಲಿ ಮದುವೆಗೆ ವೈನಿನ ಟೋಸ್ಟ್ ಇಲ್ಲದಿದ್ದರೆ ಕಾರ್ಯ ಕಳೆಗಟ್ಟುವುದಿಲ್ಲ. ಒಂದೇ ಬೀದಿ, ಒಂದೇ ಬೈಬಲ್.

ಇನ್ನೂ ಆಚೆ ಹೋದರೆ, ಸೆವೆಂತ್ ಡೇ ಅಡ್ವೆಂಟಿಸ್ಟರು ಮದ್ಯ ಮುಟ್ಟುವುದಿಲ್ಲ, ಪಾತ್ರೆಗೂ ಹುಳಿಯದ ರಸವೇ. ಸಾಲ್ವೇಶನ್ ಆರ್ಮಿಯ ಸೈನಿಕರು ಮದ್ಯ ಬಿಡುವ ಒಡಂಬಡಿಕೆಗೆ ಸಹಿ ಹಾಕುತ್ತಾರೆ, ಅವರಲ್ಲಿ ಸಂಸ್ಕಾರ ಭೋಜನವೇ ಇಲ್ಲ. ಬ್ಯಾಪ್ಟಿಸ್ಟರ ನಾಗಾಲ್ಯಾಂಡಿನಲ್ಲಿ 1989ರ ಪಾನನಿಷೇಧ ಕಾನೂನಿನ ಹಿಂದೆ ಸಭೆಗಳ ಒತ್ತಾಯವೇ ಇತ್ತು. ಪ್ರೆಸ್ಬಿಟೇರಿಯನ್ನರು ಹೆಚ್ಚಿರುವ ಮಿಜೋರಾಂನಲ್ಲಿ ನಿಷೇಧ ಬಂದು, ಸಡಿಲವಾಗಿ, 2019ರಲ್ಲಿ ಮತ್ತೆ ಬಂತು.

ಉತ್ತರ: ದ್ರಾಕ್ಷಿಚಪ್ಪರ

ರಸ ಮಾಡುವ ಕೆಲಸಕ್ಕೆ ಬರೋಣ. ಬಾಟಲಿ ಉಕ್ಕಿದ್ದಕ್ಕೆ ಕಾರಣ ಒಂದೇ, ಒಳಗಿನ ಈಸ್ಟ್ ಸಾಯಲಿಲ್ಲ. ದ್ರಾಕ್ಷಿ ಸಿಪ್ಪೆಯ ಮೇಲೆ, ಗಾಳಿಯಲ್ಲಿ, ನಿಮ್ಮ ಸೋಸುವ ಬಟ್ಟೆಯಲ್ಲಿ ಎಲ್ಲ ಕಡೆ ಅದಿರುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುಳಿದರೆ 1% ಆಲ್ಕೋಹಾಲ್ ಹುಟ್ಟುತ್ತದೆ. ಹಣ್ಣಾದ ದ್ರಾಕ್ಷಿಯ ರಸದಲ್ಲಿ ಲೀಟರಿಗೆ 160–180 ಗ್ರಾಂ ಸಕ್ಕರೆ. ಪೂರ್ತಿ ಹುಳಿದರೆ ಸುಮಾರು 10%, ಅಂದರೆ ವೈನೇ ಆಯಿತು. 28–30 ಡಿಗ್ರಿ ಸೆಖೆಯಲ್ಲಿ ಹಸಿ ರಸ ಎರಡು ಮೂರು ದಿನ ಹೊರಗಿದ್ದರೆ 1–2% ದಾಟುವುದು ಕಷ್ಟವೇನಲ್ಲ. ರಸ ಎಂದು ಹೆಸರಿಟ್ಟು ಇದನ್ನು ಕೊಟ್ಟರೆ, ವೈನ್ ಕೊಟ್ಟದ್ದಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಕುಡಿಯುವವನು ನಂಬಿ ಕುಡಿಯುತ್ತಾನೆ.

ಲೆಕ್ಕ: ಪುಟ್ಟ ಲೋಟಕ್ಕೆ 6 ಮಿಲಿ ಸಾಕು. 200 ಜನಕ್ಕೆ 1.2 ಲೀಟರ್, ಚೆಲ್ಲುವುದು ಮತ್ತು ತಡವಾಗಿ ಬರುವವರಿಗೆ ಸೇರಿಸಿ 1.4 ಲೀಟರ್. 1 ಕಿಲೋ ಬಿಡಿಸಿದ ದ್ರಾಕ್ಷಿಗೆ 500–600 ಮಿಲಿ ರಸ ಬರುತ್ತದೆ, ಹಾಗಾಗಿ ಎರಡೂವರೆ ಕಿಲೋ ಹಣ್ಣು, ತೊಟ್ಟು ಮತ್ತು ಕೊಳೆತದ್ದು ಹೋಗುತ್ತದೆಂದು 3 ಕಿಲೋ ತನ್ನಿ.

ಹಣ್ಣು ಬೆಂಗಳೂರು ನೀಲಿಯೇ ಆಗಲಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಈ ತಳಿಗೆ ಭೌಗೋಳಿಕ ಸೂಚಿಕೆ ಇದೆ, ವರ್ಷಕ್ಕೆ ಎರಡು ಬೆಳೆ ಬರುತ್ತದೆ. ವೆಲ್ಚ್ ಬಳಸಿದ ಕಾನ್‌ಕಾರ್ಡ್‌ನಂತೆ ಇದರಲ್ಲೂ ಅಮೆರಿಕದ ಲಾಬ್ರುಸ್ಕಾ ಜಾತಿಯ ರಕ್ತ ಇರುವುದರಿಂದ ಬಿಸಿ ಮಾಡಿದರೂ ಆ ಗಾಢ ಪರಿಮಳ ಉಳಿಯುತ್ತದೆ. ಹಸಿರು ಥಾಮ್ಸನ್ ದ್ರಾಕ್ಷಿಯ ರಸ ಬಿಸಿಯಾದರೆ ಕಂದು ತಿರುಗಿ ಬೇಯಿಸಿದ ವಾಸನೆ ಹೊಡೆಯುತ್ತದೆ.

ತೊಟ್ಟು ಬಿಡಿಸಿ, ಒಡೆದ ಮತ್ತು ಬೂಸ್ಟು ಹಿಡಿದ ಹಣ್ಣು ಆರಿಸಿ ತೆಗೆದು, ಮೂರು ನೀರಿನಲ್ಲಿ ತೊಳೆಯಿರಿ. ಸ್ಟೀಲ್ ಪಾತ್ರೆಯಲ್ಲಿ ಕೈಯಿಂದ ಹಿಸುಕಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ರಸ ಕಹಿ. ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿ ಇಲ್ಲದ ತಾಮ್ರ ಬೇಡ, ಹುಳಿ ಅದನ್ನು ತಿನ್ನುತ್ತದೆ, ಕಬ್ಬಿಣದಲ್ಲಂತೂ ರಸ ಕಪ್ಪಾಗುತ್ತದೆ. ಸಣ್ಣ ಉರಿಯಲ್ಲಿ 60–65 ಡಿಗ್ರಿಗೆ ತಂದು 15 ನಿಮಿಷ ಇಡಿ. ಸಿಪ್ಪೆಯ ಬಣ್ಣ ಇಳಿಯುವುದು ಆಗಲೇ, ತಿಳಿ ಗುಲಾಬಿಯಿದ್ದದ್ದು ಕಣ್ಣೆದುರಿಗೇ ನೇರಳೆಯಾಗುತ್ತದೆ. ಕುದಿ ಬರಿಸಬೇಡಿ. ತೊಳೆದು ಕುದಿಸಿದ ಬಟ್ಟೆಯಲ್ಲಿ ಸೋಸಿ, ಗಂಟು ಕಟ್ಟಿ ತೂಗುಹಾಕಿ. ತಿರುಚಿ ಹಿಂಡಿದರೆ ಬಗ್ಗಡ ಇಳಿಯುತ್ತದೆ.

ಸೋಸಿದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಿ. ಈ ಹಂತ ಬಿಟ್ಟರೆ ಆಮೇಲೆ ಬಾಟಲಿಯ ತಳದಲ್ಲಿ ಮಿನುಗುವ ಹರಳು ಕಟ್ಟುತ್ತದೆ, ಗಾಜಿನ ಚೂರು ಬಿದ್ದಿದೆ ಎಂದು ಜನ ಗಾಬರಿಯಾಗುತ್ತಾರೆ. ಅದು ದ್ರಾಕ್ಷಿಯದೇ ಟಾರ್ಟರ್ ಉಪ್ಪು, ಅಪಾಯವಿಲ್ಲ. ಒಂದು ರಾತ್ರಿಯಲ್ಲಿ ಬಹುಪಾಲು ಕೆಳಗೆ ಕೂರುತ್ತದೆ, ಮೇಲಿನ ತಿಳಿಯನ್ನು ಅಲುಗಾಡಿಸದೆ ಬಸಿಯಿರಿ.

ಈಗ ಮುಖ್ಯ ಕೆಲಸ. ಕುದಿಸಿ ತೆಗೆದ 200–300 ಮಿಲಿ ಗಾಜಿನ ಬಾಟಲಿಗೆ ಮೇಲೆ ಎರಡು ಬೆರಳು ಜಾಗ ಬಿಟ್ಟು ತುಂಬಿ. ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಮುಚ್ಚಳ ಸಡಿಲವಾಗಿ ಹಾಕಿದ ಬಾಟಲಿಗಳನ್ನು ನಿಲ್ಲಿಸಿ, ಕತ್ತಿನವರೆಗೆ ಉಗುರು ಬೆಚ್ಚಗಿನ ನೀರು ತುಂಬಿ ಕಾಯಿಸಿ. ಥರ್ಮಾಮೀಟರ್ ಬಾಟಲಿಯೊಳಗೆ ಇಳಿಬಿಡಿ, ಹೊರಗಿನ ನೀರಿನ ಬಿಸಿ ನೋಡಿ ಮೋಸ ಹೋಗಬೇಡಿ. ಒಳಗಿನ ರಸ 80–85 ಡಿಗ್ರಿ ಮುಟ್ಟಿದ ಮೇಲೆ 20 ನಿಮಿಷ. ನಂತರ ಮುಚ್ಚಳ ಬಿಗಿದು, ಒಣ ಮರದ ಹಲಗೆಯ ಮೇಲೆ ಆರಲು ಬಿಡಿ. ತಣ್ಣನೆಯ ಗ್ರಾನೈಟ್ ಕಟ್ಟೆಯ ಮೇಲಿಟ್ಟರೆ ಬಾಟಲಿ ಚಟ್ಟೆಂದು ಒಡೆಯುತ್ತದೆ. ದ್ರಾಕ್ಷಿಯ ಹುಳಿ ಜಾಸ್ತಿ ಇರುವುದರಿಂದ ಇಷ್ಟು ಬಿಸಿ ಸಾಕು, ಪ್ರೆಶರ್ ಬೇಕಿಲ್ಲ. ತೆರೆಯದ ಬಾಟಲಿ ತಂಪು ಕತ್ತಲೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ತೆರೆದದ್ದು ಫ್ರಿಜ್ಜಿನಲ್ಲಿ 3 ದಿನ. ಸಣ್ಣ ಬಾಟಲಿ ಅಂದದ್ದು ಅದಕ್ಕೇ.

ಮುಚ್ಚಳ ಉಬ್ಬಿದ್ದರೆ, ಕತ್ತಿನ ಬಳಿ ಗುಳ್ಳೆಯ ಸಾಲು ಕಂಡರೆ, ತೆಗೆದಾಗ ಬುಸ್ಸೆಂದರೆ ಚೆಲ್ಲಿಬಿಡಿ. ಮತ್ತೆ ಕುದಿಸಿ "ಸರಿ ಮಾಡುವ" ಕೆಲಸ ಬೇಡ. ಈಸ್ಟ್ ಸಾಯುತ್ತದೆ, ಆದರೆ ಹುಟ್ಟಿದ ಆಲ್ಕೋಹಾಲ್ ಪೂರ್ತಿ ಹೋಗುವುದಿಲ್ಲ.

ದ್ರಾಕ್ಷಿ ಸಿಗದ ತಿಂಗಳಲ್ಲಿ ಒಣದ್ರಾಕ್ಷಿ. ಇದೇನೂ ಹೊಸ ಉಪಾಯವಲ್ಲ. ಕೇರಳದ ಸಿರಿಯನ್ ಕ್ರೈಸ್ತರು ಹಸಿ ದ್ರಾಕ್ಷಿ ಇಲ್ಲದ ಕಾಲದಲ್ಲಿ ಒಣದ್ರಾಕ್ಷಿ ನೆನೆಸಿ ಹಿಂಡಿದ ರಸವನ್ನೇ ಬಲಿಪೂಜೆಗೆ ಬಳಸುತ್ತಿದ್ದರು, ಇಥಿಯೋಪಿಯಾದ ಸಭೆಯದ್ದೂ ಇದೇ ರೂಢಿ. 500 ಗ್ರಾಂ ಕಪ್ಪು ಒಣದ್ರಾಕ್ಷಿಯನ್ನು ಬಿಸಿ ನೀರಿನಲ್ಲಿ ಎರಡು ಸಲ ತೊಳೆದು ಮೇಲಿನ ಎಣ್ಣೆಯ ಲೇಪ ತೆಗೆಯಿರಿ, 1 ಲೀಟರ್ ಕುದಿದಾರಿದ ನೀರಿನಲ್ಲಿ 12 ಗಂಟೆ ಫ್ರಿಜ್ಜಿನಲ್ಲೇ ನೆನೆಸಿ. ಹೊರಗಿಟ್ಟರೆ ಮಾರನೇ ದಿನವೇ ನೊರೆ. 15 ನಿಮಿಷ ಸಣ್ಣಗೆ ಕುದಿಸಿ, ಹಿಸುಕಿ, ಸೋಸಿ, ಮೇಲಿನಂತೆಯೇ ಬಾಟಲಿ ಮಾಡಿ. 700–800 ಮಿಲಿ ಬರುತ್ತದೆ. ಹೊಂಬಣ್ಣದ್ದಕ್ಕೆ ಗಂಧಕದ ಹೊಗೆ ಕೊಟ್ಟಿರುತ್ತಾರೆ, ಉಬ್ಬಸದವರಿಗೆ ಒಗ್ಗದು.

ಅಂಗಡಿಯದ್ದು ತರುವುದಾದರೆ ಲೇಬಲ್ಲಿನಲ್ಲಿ 100% ರಸ ಎಂದಿರಲಿ. ನೆಕ್ಟರ್, ಡ್ರಿಂಕ್ ಎಂದಿದ್ದರೆ ಹಣ್ಣಿನ ಪಾಲು 10–20% ಅಷ್ಟೇ ಇರಬಹುದು, ಉಳಿದದ್ದು ನೀರು, ಸಕ್ಕರೆ, ಬಣ್ಣ.

ಮರುಪ್ರಶ್ನೆ: ಸಭಾಕಾರ್ಯದರ್ಶಿ

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ವಂದನೆಗಳು. ಹೀಗೆ ಬಿಸಿ ಮಾಡಿದ ರಸ ಕಥೋಲಿಕರ ಪಾತ್ರೆಗೆ ಆಗುವುದಿಲ್ಲವೇ? ಇನ್ನೊಂದು: ಒಬ್ಬರು "6 ಮಿಲಿ ವೈನಿನಲ್ಲಿ ಏನಿದೆ ಮಹಾ, ಅದಕ್ಕೇನು ಇಷ್ಟು ರಂಪ" ಅನ್ನುತ್ತಿದ್ದಾರೆ.

ಉತ್ತರ: ಬಲಿಪೀಠ

ಆಗುವುದಿಲ್ಲ. 1983ರ ಧರ್ಮಸಭಾ ಕಾನೂನಿನ 924ನೇ ವಿಧಿಯ ಪ್ರಕಾರ ವೈನ್ ದ್ರಾಕ್ಷಿಯಿಂದಲೇ ಆದ, ಸಹಜವಾದ, ಕೆಡದ ವೈನ್ ಆಗಿರಬೇಕು. ಗೇರುಹಣ್ಣಿನ ವೈನ್, ದಾಳಿಂಬೆ ವೈನ್ ಎಷ್ಟೇ ಚೆನ್ನಾಗಿದ್ದರೂ ನಡೆಯದು. ವಿನೆಗರ್ ಆಗಿದ್ದರೆ ಬಲಿಪೂಜೆಯೇ ಸಿಂಧುವಲ್ಲ. ಅಂಗಡಿ, ಅಂತರ್ಜಾಲಗಳಲ್ಲೆಲ್ಲ ರೊಟ್ಟಿ–ವೈನ್ ಮಾರಾಟ ಶುರುವಾದ ಮೇಲೆ, ಗುಣಮಟ್ಟ ನೋಡಿಕೊಳ್ಳುವ ಹೊಣೆ ಧರ್ಮಾಧ್ಯಕ್ಷರದ್ದು (ಬಿಷಪ್ಪರದ್ದು) ಎಂದು 2017ರ ಜೂನ್‌ನಲ್ಲಿ ವ್ಯಾಟಿಕನ್ ಮತ್ತೆ ನೆನಪಿಸಿತು. ಪೂಜೆಯ ವೈನ್ ಧರ್ಮಕ್ಷೇತ್ರ ಒಪ್ಪಿದ ಕಡೆಯಿಂದಲೇ ಬರಬೇಕು ಅನ್ನುವುದು ಅದಕ್ಕೆ.

ಆದರೆ ಒಂದು ಕಿಟಕಿ ಇದೆ: ಮುಸ್ತುಮ್. ಹುಳಿಯಲು ಶುರುವಾಗುವ ಮೊದಲು, ಅಥವಾ ಶುರುವಾದ ಕೂಡಲೇ, ಸ್ವಭಾವ ಬದಲಾಗದಂತೆ ಹುಳಿಯುವಿಕೆಯನ್ನು ತಡೆಹಿಡಿದ ರಸ. ಘನೀಕರಿಸುವುದು ಅದಕ್ಕೆ ಒಪ್ಪಿತವಾದ ಕ್ರಮ. 2003ರ ಜುಲೈ 24ರಂದು ಆಗಿನ ಕಾರ್ಡಿನಲ್ ರಾಟ್ಸಿಂಗರ್ (ಮುಂದೆ ಪೋಪ್ 16ನೇ ಬೆನೆಡಿಕ್ಟ್) ಸಹಿ ಹಾಕಿದ ಪತ್ರ ಇದನ್ನು ಸಿಂಧು ಎಂದು ಹೇಳುತ್ತದೆ, ಆದರೆ ಬಳಸಲು ಧರ್ಮಾಧ್ಯಕ್ಷರ ಅಪ್ಪಣೆ ಬೇಕು. ಬಿಸಿಯಿಂದ ಆಲ್ಕೋಹಾಲ್ ಪೂರ್ತಿ ಹಾರಿಹೋದ ಪಾಶ್ಚರೀಕೃತ ರಸವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೈನಸ್ 18 ಡಿಗ್ರಿಯಲ್ಲಿ ಇಟ್ಟದ್ದು, ಫ್ರಿಜ್ಜಿನಲ್ಲಿ ಕರಗಿಸಿ ಅದೇ ದಿನ ಬಳಸಬೇಕು, ಈಸ್ಟ್ ಸತ್ತಿರುವುದಿಲ್ಲ, ಮಲಗಿರುತ್ತದೆ ಅಷ್ಟೇ.

ಮುಸ್ತುಮ್ ಮುಖ್ಯವಾಗಿ ಬೇಕಾಗುವುದು ಕುಡಿತದಿಂದ ಚೇತರಿಸಿಕೊಳ್ಳುತ್ತಿರುವ ಗುರುಗಳಿಗೆ. ಪೂಜೆ ಅರ್ಪಿಸುವ ಗುರು ಪಾತ್ರೆ ಬಿಡುವಂತಿಲ್ಲ. ಜನಸಾಮಾನ್ಯರಿಗೆ ಈ ತೊಡಕೇ ಇಲ್ಲ, ರೊಟ್ಟಿಯೊಂದರಲ್ಲೇ ಕ್ರಿಸ್ತ ಪರಿಪೂರ್ಣವಾಗಿದ್ದಾನೆ ಎಂಬುದು ಸಿದ್ಧಾಂತ. ನಿಮ್ಮ ಸಭೆಯವರು ಪಾತ್ರೆ ಬಿಟ್ಟು ಎದ್ದಾಗ ಏನೋ ಕಳೆದುಕೊಂಡಂತೆ ಅನಿಸುವುದು, ಪ್ರೊಟೆಸ್ಟಂಟರು ಎರಡನ್ನೂ ಎಲ್ಲರಿಗೂ ಕೊಡಬೇಕೆಂದು ಹಟ ಹಿಡಿದದ್ದರ ಫಲ.

ವೈನೇ ಉಳಿಸಿಕೊಳ್ಳುವವರಿಗೆ ಒಂದು ಮಾತು. ತೆರೆದ ಬಾಟಲಿಗೆ ಗಾಳಿ ತಾಗಿದರೆ ಬ್ಯಾಕ್ಟೀರಿಯಾ ಅದನ್ನು ವಿನೆಗರ್ ಮಾಡುತ್ತದೆ. 12% ಸುಮಾರಿನ ಮಾಮೂಲಿ ವೈನ್ ಒಂದು ವಾರದೊಳಗೆ ತಿರುಗಬಹುದು. ಸಣ್ಣ ಬಾಟಲಿಗಳಿಗೆ ಬಾಯಿವರೆಗೆ ತುಂಬಿ ಫ್ರಿಜ್ಜಿನಲ್ಲಿಡಿ. ದ್ರಾಕ್ಷಿಯದೇ ಸ್ಪಿರಿಟ್ ಸೇರಿಸಿದ ಸಿಹಿ ವೈನ್ ಇನ್ನೂ ಹೆಚ್ಚು ತಡೆಯುತ್ತದೆ, ಅದಕ್ಕೂ ಮಿತಿ ಇದೆ, 18% ದಾಟಬಾರದು ಎಂಬುದು 19ನೇ ಶತಮಾನದ ಕೊನೆಯಿಂದ ಬಂದ ಕಟ್ಟಳೆ.

ಉತ್ತರ: ಮಾತ್ರೆಡಬ್ಬಿ

"6 ಮಿಲಿಯಲ್ಲಿ ಏನಿದೆ" ಅನ್ನುವವರಿಗೆ ಲೆಕ್ಕ ಕೊಡಿ. 12% ವೈನಿನ 6 ಮಿಲಿಯಲ್ಲಿ ಆಲ್ಕೋಹಾಲ್ 0.72 ಮಿಲಿ, ತೂಕದಲ್ಲಿ ಅರ್ಧ ಗ್ರಾಂಗಿಂತ ತುಸು ಹೆಚ್ಚು. ಆರೋಗ್ಯವಂತನಿಗೆ ಇದು ಏನೇನೂ ಅಲ್ಲ, ಅಮಲು ಏರುವುದಿಲ್ಲ, ಗಾಡಿ ಓಡಿಸಲು ಅಡ್ಡಿಯಿಲ್ಲ. ಅಷ್ಟರ ಮಟ್ಟಿಗೆ ಅವರು ಸರಿ.

ಆದರೆ ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆ ನುಂಗುವವರ ಲೆಕ್ಕ ಬೇರೆ. ಆಲ್ಕೋಹಾಲ್ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗಿ, ಆಮೇಲೆ ನಿರುಪದ್ರವಿ ವಸ್ತುವಾಗಬೇಕು. ಈ ಮಾತ್ರೆ ಎರಡನೇ ಹೆಜ್ಜೆಯನ್ನೇ ಕಟ್ಟಿಹಾಕುತ್ತದೆ. ವಿಷ ರಕ್ತದಲ್ಲಿ ಶೇಖರವಾಗಿ ಮುಖ ಕೆಂಪೇರುತ್ತದೆ, ಎದೆ ಡವಡವ, ವಾಂತಿ, ತೀವ್ರವಾದರೆ ರಕ್ತದೊತ್ತಡ ಕುಸಿತ. ಕೆಮ್ಮಿನ ಸಿರಪ್, ಬಾಯಿ ಮುಕ್ಕಳಿಸುವ ದ್ರವದಲ್ಲಿರುವ ಆಲ್ಕೋಹಾಲೂ ಬೇಡ ಎಂದು ಅವರಿಗೆ ಹೇಳಿರುತ್ತಾರೆ. ಮಾತ್ರೆ ನಿಲ್ಲಿಸಿದ ಮೇಲೂ 14 ದಿನದವರೆಗೆ ಪರಿಣಾಮ ಇರಬಹುದು. ವೈನಿಗೆ ರೊಟ್ಟಿ ಅದ್ದಿ ಕೊಡುವುದೂ ಪರಿಹಾರವಲ್ಲ. "ಆಲ್ಕೋಹಾಲ್ ರಹಿತ" ಎಂದು ಮಾರುವ ವೈನಿನಲ್ಲೂ 0.5% ತನಕ ಇರಬಹುದು, ಲೇಬಲ್ ಓದಿ. ಕುಡಿತ ಬಿಡಿಸುವ ಬೇರೆ ಮಾತ್ರೆಗಳಾದ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ತೆಗೆದುಕೊಳ್ಳುವವರಿಗೆ ಈ ಪ್ರತಿಕ್ರಿಯೆ ಬರುವುದಿಲ್ಲ, ಆದರೆ ಅವರಿಗೆ ರುಚಿ ಮತ್ತು ವಾಸನೆಯೇ ಹಂಬಲ ಕೆರಳಿಸಬಹುದು.

ಯಾರು ಯಾವ ಮಾತ್ರೆ ಅನ್ನುವುದು ಕಮಿಟಿಗೆ ಬೇಡದ ವಿಚಾರ. ಕೇಳಲೇಬೇಡಿ. ಸಕ್ಕರೆ ಕಾಯಿಲೆಯವರು ರಸಕ್ಕೆ ತಕರಾರು ತೆಗೆದರೆ ಹೇಳಿ: 6 ಮಿಲಿ ರಸದಲ್ಲಿ ಸಕ್ಕರೆ ಸುಮಾರು 1 ಗ್ರಾಂ.

ಉತ್ತರ: ಕಡಲತಡಿ

ಕಾನೂನಿನ ಒಂದು ಸಾಲು ಸೇರಿಸುತ್ತೇನೆ, ಏಕೆಂದರೆ ಮುಂದಿನ ಪ್ರಶ್ನೆ "ಹಾಗಾದರೆ ವೈನನ್ನೇ ಸಭೆಯಲ್ಲಿ ಮಾಡಿಕೊಳ್ಳಬಹುದಾ" ಎಂದೇ ಬರುತ್ತದೆ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಕ್ರಿಸ್ಮಸ್ ಹೊತ್ತಿಗೆ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಗೋಧಿ, ಈಸ್ಟ್ ಹಾಕಿ ಬಾಯಿ ಕಟ್ಟಿಡುವ ಮನೆಗಳು ನೂರಾರು ಇರಬಹುದು, ರೂಢಿ ಇದೆ ಎಂದು ಅದು ಕಾನೂನಾಗುವುದಿಲ್ಲ, ಸಭೆಯ ಹೆಸರಿನಲ್ಲಂತೂ ಆ ಕೆಲಸಕ್ಕೆ ಕೈಹಾಕಬೇಡಿ. ನಿಷೇಧವಿರುವ ಕಡೆಯೂ ಸಂಸ್ಕಾರಕ್ಕೆ ದಾರಿ ಬಿಟ್ಟಿರುವುದುಂಟು. 1949ರ ಬಾಂಬೆ ಪಾನನಿಷೇಧ ಕಾಯ್ದೆಯಲ್ಲಿ ಅದಕ್ಕೆ ಅನುಮತಿಯ ಅವಕಾಶವಿದೆ, 1920ರ ದಶಕದ ಅಮೆರಿಕದ ನಿಷೇಧದಲ್ಲೂ ಇತ್ತು. ಅಲ್ಲಿ ಆ ಹೆಸರಿನಲ್ಲಿ ಎಷ್ಟೋ ವೈನ್ ಬೇರೆ ಗಂಟಲಿಗೂ ಇಳಿಯಿತು ಅನ್ನಿ.

ಉತ್ತರ: ಹಳೇಚರ್ಮಪತ್ರ

ಜಾರಿ ಮಾಡುವ ಬಗ್ಗೆ. ವೈನ್ ಬೇಕೆನ್ನುವವರು, ರಸ ಬೇಕೆನ್ನುವವರು ಇಬ್ಬರೂ ಇದ್ದರೆ ಎರಡೂ ಇಡುವ ಸಭೆಗಳಿವೆ: ಒಂದೇ ತಟ್ಟೆಯಲ್ಲಿ ಹೊರಗಿನ ಸುತ್ತುಗಳಿಗೆ ವೈನ್, ಒಳಗಿನ ಎರಡು ಸುತ್ತುಗಳಿಗೆ ರಸ. ಇದರ ತೊಂದರೆ ಏನೆಂದರೆ, ಒಳಗಿನ ಲೋಟಕ್ಕೆ ಕೈ ಚಾಚಿದವನನ್ನು ಪಕ್ಕದವನು ನೋಡುತ್ತಾನೆ. ಲೋಟ ತುಂಬುವವರು ಸುತ್ತು ತಪ್ಪಿಸಿದರೆ ಡೈಸಲ್ಫಿರಾಮ್‌ನವನ ಗತಿ ಮೇಲೆ ಓದಿದ್ದೀರಿ. ನನ್ನ ಪ್ರಕಾರ 200 ಜನರ ಸಭೆಗೆ ಎಲ್ಲರಿಗೂ ರಸವೇ ಸರಿ. ವೈನ್ ಬಿಡಲಾರದ ಹಿರಿಯರಿದ್ದರೆ, ವರ್ಷದಲ್ಲಿ ಒಂದೆರಡು ಆರಾಧನೆಗಳನ್ನು ವೈನಿನದ್ದೆಂದು ಮೊದಲೇ ಪ್ರಕಟಿಸಿ ಇಡಬಹುದು.

ಎಲ್ಲರೂ ಒಂದೇ ಪಾತ್ರೆಯಿಂದ ಗುಟುಕರಿಸುವ ಪದ್ಧತಿ ಇದ್ದು ಅದಕ್ಕೆ ರಸ ಹಾಕುವುದಾದರೆ, ಪ್ರತಿಯೊಬ್ಬರ ನಂತರ ಅಂಚನ್ನು ಒಳಗೂ ಹೊರಗೂ ಒರೆಸಿ, ಪಾತ್ರೆಯನ್ನು ತುಸು ತಿರುಗಿಸಿ, ಬಟ್ಟೆಯ ಹೊಸ ಭಾಗ ಬಳಸಿ. ವೈನಿನ ಆಲ್ಕೋಹಾಲ್ ಕ್ರಿಮಿ ಕೊಲ್ಲುತ್ತದೆ ಎಂಬ ನಂಬಿಕೆಗೆ ಆ ಕೆಲವು ಸೆಕೆಂಡುಗಳಲ್ಲಿ ಹೆಚ್ಚು ಬಲವಿಲ್ಲ, ರಸಕ್ಕಂತೂ ಆ ನೆಪವೂ ಇಲ್ಲ.

ಉಳಿದದ್ದನ್ನು ಬಾಟಲಿಗೆ ಮರಳಿ ಸುರಿಯುವ ಅಭ್ಯಾಸ ಕೆಲವೆಡೆ ಇದೆ. ಹಾಗೆ ಮಾಡಿದರೆ ಇಡೀ ಬಾಟಲಿಗೆ ಈಸ್ಟ್ ಬಿತ್ತಿದಂತೆ. ನಿಮಗೆ ಬಂದ ಉಕ್ಕುವ ಬಾಟಲಿ ಹೀಗೂ ಆಗಿರಬಹುದು. ಪ್ರತಿಷ್ಠಿಸಿದ್ದನ್ನು ಆರಾಧನೆ ಮುಗಿದ ಮೇಲೆ ಸಭಾಪಾಲಕರು ಮತ್ತು ಸಹಾಯಕರು ಭಕ್ತಿಯಿಂದ ಕುಡಿದು ಮುಗಿಸುವುದು ಆಂಗ್ಲಿಕನ್ ರೂಢಿ, ಬೇರೆ ಕೆಲವರು ಗಿಡದ ಬುಡದ ಮಣ್ಣಿಗೆ ಹಾಕುತ್ತಾರೆ. ಲೋಟಗಳನ್ನು ಆರಲು ಬಿಡದೆ ಕೂಡಲೇ ಬಿಸಿ ನೀರಿನಲ್ಲಿ ಮುಳುಗಿಸಿ. ರಸ ವೈನಿಗಿಂತ ಅಂಟು, ಒಣಗಿದರೆ ತಳದಲ್ಲಿ ನೇರಳೆ ಕಲೆ ಕೂತು ಬ್ರಷ್ಷಿಗೂ ಬಗ್ಗುವುದಿಲ್ಲ. ಕಲೆ ಕೂತಿದ್ದರೆ ಅಡುಗೆ ಸೋಡಾ ಹಾಕಿದ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ತೊಳೆಯಿರಿ.